ಎರಡು ಗೆಲುವು ಕಡಿಮೆ, ಆರು ಸ್ಥಾನ ಕೆಳಗೆ: ಎನ್‌ಬಿಎ ಅಭಿಮಾನಿಯ ಏಪ್ರಿಲ್ ಲೆಕ್ಕ

ಬೆಂಗಳೂರು: ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ 2022-23ನೇ ಋತುವಿನಲ್ಲಿ 82 ಪಂದ್ಯಗಳ ಪೈಕಿ 48ರಲ್ಲಿ ಜಯ ಗಳಿಸಿತ್ತು. ಪಶ್ಚಿಮ ವಲಯದ 15 ತಂಡಗಳ ನಡುವೆ ಅದಕ್ಕೆ ಮೂರನೆಯ ಸ್ಥಾನ ದೊರೆತಿತ್ತು. ಮರುವರ್ಷ ಅದೇ ತರಬೇತುದಾರ, ಬಹುತೇಕ ಅದೇ ಆಟಗಾರರು. ಗೆಲುವು ಮಾತ್ರ 46. ಕಡಿಮೆಯಾದದ್ದು ಕೇವಲ ಎರಡು. ಆದರೆ ಸ್ಥಾನ ಒಂಬತ್ತಕ್ಕೆ ಕುಸಿಯಿತು, ತಂಡ ಪ್ಲೇಆಫ್‌ನ ಹೊಸ್ತಿಲಿನಿಂದಲೇ ಹಿಂದಿರುಗಿತು.

ಎರಡು ಗೆಲುವು ಕಡಿಮೆಯಾದರೆ ಆರು ಸ್ಥಾನ ಕೈತಪ್ಪುವುದು ಹೇಗೆ? ಉತ್ತರ ಸ್ಯಾಕ್ರಮೆಂಟೊದ ಅಂಗಣದಲ್ಲಿಲ್ಲ. ಲೀಗ್‌ನಲ್ಲಿ ಒಟ್ಟು 30 ತಂಡಗಳು, ಒಂದು ಋತುವಿನ ಲೀಗ್ ಹಂತದಲ್ಲಿ 1,230 ಪಂದ್ಯಗಳು. ಡ್ರಾ ಎಂಬುದೇ ಇಲ್ಲದ ಆಟವಾದ್ದರಿಂದ ಹಂಚಿಕೆಗೆ ಇರುವ ಗೆಲುವುಗಳೂ 1,230. ಒಬ್ಬರ ತಟ್ಟೆಗೆ ಹೆಚ್ಚು ಬಿದ್ದರೆ ಮತ್ತೊಬ್ಬರ ತಟ್ಟೆಯಲ್ಲಿ ಅಷ್ಟೇ ಕಡಿಮೆಯಾಗಬೇಕು. 2023ರಲ್ಲಿ 40 ಪಂದ್ಯ ಗೆದ್ದಿದ್ದ ಒಕ್ಲಹೋಮಾ ಸಿಟಿ ಮರುವರ್ಷ 57 ಗೆದ್ದಿತು. ಮಿನೆಸೋಟ 42ರಿಂದ 56ಕ್ಕೆ, ಡಲ್ಲಾಸ್ 38ರಿಂದ 50ಕ್ಕೆ ಏರಿದವು. ಸ್ಯಾಕ್ರಮೆಂಟೊ ನಿಂತಲ್ಲೇ ನಿಂತಿತ್ತು, ಹಿಂದಿದ್ದವರು ದಾಟಿ ಮುಂದೆ ಹೋದರು. ನೆಚ್ಚಿನ ತಂಡವೊಂದನ್ನು ಪ್ಲೇಆಫ್‌ವರೆಗೆ ಹಿಂಬಾಲಿಸುವ ಅಭಿಮಾನಿ ಮೊದಲು ಅರಗಿಸಿಕೊಳ್ಳಬೇಕಾದ ಸಂಗತಿ ಇದು. ಮಾರ್ಚ್ ತಿಂಗಳು ಕಳೆಯುತ್ತಿದ್ದಂತೆ ತನ್ನ ತಂಡದ ಹಣೆಬರಹದ ಬಹುಪಾಲು ತನ್ನ ತಂಡ ಆಡದ ಪಂದ್ಯಗಳಲ್ಲೇ ಬರೆಯಲ್ಪಡುತ್ತಿರುತ್ತದೆ.

ಮುಂಬಯಿಯಲ್ಲಿ ಕಂಡ ಎರಡು ತಂಡ

ಭಾರತದ ಅಭಿಮಾನಿಗೆ ಈ ಆಟದ ಒಳಸುಳಿಗಳನ್ನು ವಿವರಿಸಲು ಎರಡು ತಂಡಗಳು ಚೆನ್ನಾಗಿ ಒದಗಿಬರುತ್ತವೆ. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬಯಿಯ ವರ್ಲಿಯಲ್ಲಿರುವ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್ ತಂಡಗಳು ಎರಡು ಪ್ರದರ್ಶನ ಪಂದ್ಯಗಳನ್ನಾಡಿದವು. ಎನ್‌ಬಿಎ ತಂಡಗಳು ಭಾರತದ ನೆಲದಲ್ಲಿ ಆಡಿದ್ದು ಅದೇ ಮೊದಲು. ಮೊದಲ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ 132-131ರಿಂದ, ಎರಡನೆಯದನ್ನು 130-106ರಿಂದ ಇಂಡಿಯಾನಾ ಗೆದ್ದುಕೊಂಡಿತು. ಕಿಂಗ್ಸ್ ತಂಡ ಇಲ್ಲಿಗೆ ಬಂದದ್ದರ ಹಿಂದೆ ಅದರ ಮಾಲೀಕ ವಿವೇಕ್ ರಣದಿವೆ ಅವರ ಆಸಕ್ತಿಯೂ ಇತ್ತು. ಮುಂಬಯಿಯಲ್ಲಿ ಹುಟ್ಟಿ ಬೆಳೆದ ರಣದಿವೆ ಎನ್‌ಬಿಎ ತಂಡವೊಂದರ ಮುಖ್ಯ ಮಾಲೀಕತ್ವ ವಹಿಸಿದ ಮೊದಲ ಭಾರತ ಮೂಲದವರು.

ಆ ಎರಡು ದಿನಗಳಲ್ಲಿ ಎರಡೂ ತಂಡಗಳನ್ನು ಮನಸ್ಸಿಗೆ ಹಚ್ಚಿಕೊಂಡ ಬೆಂಗಳೂರಿನ ಅಭಿಮಾನಿಯೊಬ್ಬನನ್ನು ಊಹಿಸಿಕೊಳ್ಳೋಣ. ಎರಡು ದೋಣಿಯಲ್ಲಿ ಕಾಲಿಟ್ಟವನ ಗತಿ ಏನೆಂದು ಹಿರಿಯರು ಹೇಳಿದ್ದಾರೆ. ಆದರೆ ಇಲ್ಲಿ ಎರಡು ದೋಣಿಗಳೂ ಬೇರೆ ಬೇರೆ ಹೊಳೆಯಲ್ಲಿವೆ. ಇಂಡಿಯಾನಾ ಪೂರ್ವ ವಲಯದ ತಂಡ, ಸ್ಯಾಕ್ರಮೆಂಟೊ ಪಶ್ಚಿಮ ವಲಯದ್ದು. ಪ್ಲೇಆಫ್ ಸ್ಥಾನಕ್ಕಾಗಿ ಇವೆರಡೂ ಎಂದಿಗೂ ಪರಸ್ಪರ ಪೈಪೋಟಿ ನಡೆಸುವುದಿಲ್ಲ. ಒಂದು ಋತುವಿನಲ್ಲಿ ಎರಡೇ ಸಲ, ಒಬ್ಬೊಬ್ಬರ ತವರಿನಲ್ಲಿ ಒಮ್ಮೊಮ್ಮೆ ಎದುರಾಗುತ್ತವೆ. ಆ ಎರಡು ದಿನ ಬಿಟ್ಟರೆ ಉಳಿದ ಕಾಲ ನಿಶ್ಚಿಂತೆ. ಎರಡೂ ಒಟ್ಟಿಗೆ ಕಣಕ್ಕಿಳಿದು ಒಂದು ಸೋಲಲೇಬೇಕಾದ ಪ್ರಸಂಗ ಮತ್ತೆ ಬರುವುದಿದ್ದರೆ ಅದು ಜೂನ್ ತಿಂಗಳ ಫೈನಲ್‌ನಲ್ಲಿ ಮಾತ್ರ. ಅಂತಹ ಸಂಕಟ ಯಾವ ಅಭಿಮಾನಿಗೆ ಬೇಡ?

82 ಪಂದ್ಯಗಳ ಹಂಚಿಕೆಯೂ ಸಮಾನವಲ್ಲ. ಪ್ರತಿ ವಲಯದಲ್ಲಿ ಐದೈದು ತಂಡಗಳ ಮೂರು ವಿಭಾಗಗಳಿವೆ. ಒಂದು ತಂಡ ತನ್ನ ವಿಭಾಗದ ನಾಲ್ಕು ತಂಡಗಳೊಡನೆ ತಲಾ ನಾಲ್ಕು ಪಂದ್ಯಗಳನ್ನು, ವಲಯದ ಉಳಿದ ಹತ್ತು ತಂಡಗಳೊಡನೆ ಮೂರು ಅಥವಾ ನಾಲ್ಕು ಪಂದ್ಯಗಳನ್ನು ಆಡುತ್ತದೆ. ಹೀಗೆ ವಲಯದೊಳಗೆ 52, ಎದುರು ವಲಯದೊಡನೆ 30. ಆದಕಾರಣ ವಲಯ ಬಲಿಷ್ಠವಾದಷ್ಟೂ ಗೆಲುವು ದುಬಾರಿ. 2008ರಲ್ಲಿ ಗೋಲ್ಡನ್ ಸ್ಟೇಟ್, 2014ರಲ್ಲಿ ಫೀನಿಕ್ಸ್ ತಲಾ 48 ಪಂದ್ಯ ಗೆದ್ದೂ ಪಶ್ಚಿಮದಲ್ಲಿ ಪ್ಲೇಆಫ್ ತಲುಪಲಿಲ್ಲ. ಅದೇ 2014ರಲ್ಲಿ ಪೂರ್ವದ ಅಟ್ಲಾಂಟಾ 38 ಗೆದ್ದು ಎಂಟನೆಯ ತಂಡವಾಗಿ ಒಳನುಗ್ಗಿತು. ವಲಯದ ಗೋಡೆಯನ್ನೇ ಕೆಡವಿ 30 ತಂಡಗಳ ಪೈಕಿ ಅಗ್ರ 16ನ್ನು ಆರಿಸಬೇಕೆಂಬ ಕೂಗು ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಪಶ್ಚಿಮದ ಅಭಿಮಾನಿಗಳ ಅಳಲಿನಲ್ಲಿ ನ್ಯಾಯವಿದೆ ಎನ್ನಲಡ್ಡಿಯಿಲ್ಲ.

ಹದಿನಾರು ವರ್ಷಗಳ ಕಾಯುವಿಕೆ

ಪ್ಲೇಆಫ್ ಎಂಬುದು ಸ್ಯಾಕ್ರಮೆಂಟೊ ನಗರಕ್ಕೆ ಬರಿಯ ಒಂದು ಮುಂದಿನ ಸುತ್ತಲ್ಲ. ಕ್ಯಾಲಿಫೋರ್ನಿಯಾದ ರಾಜಧಾನಿಯಾದರೂ ಆ ನಗರಕ್ಕಿರುವ ಪ್ರಮುಖ ವೃತ್ತಿಪರ ತಂಡಗಳಲ್ಲಿ ಕಿಂಗ್ಸ್‌ನದೇ ಹಿರಿತನ. ರೋಚೆಸ್ಟರ್, ಸಿನ್ಸಿನಾಟಿ, ಕಾನ್ಸಾಸ್ ಸಿಟಿಗಳನ್ನು ಸುತ್ತಿ 1985ರಲ್ಲಿ ಇಲ್ಲಿಗೆ ಬಂದ ತಂಡವಿದು. ಗಳಿಸಿದ ಏಕೈಕ ಪ್ರಶಸ್ತಿ 1951ರದು, ಅದೂ ರೋಚೆಸ್ಟರ್‌ನಲ್ಲಿದ್ದಾಗ. 2002ರಲ್ಲಿ 61 ಪಂದ್ಯ ಗೆದ್ದು ಪಶ್ಚಿಮ ವಲಯದ ಫೈನಲ್‌ನ ಏಳನೆಯ ಪಂದ್ಯದವರೆಗೆ ಹೋಗಿ, ಹೆಚ್ಚುವರಿ ಅವಧಿಯಲ್ಲಿ ಲಾಸ್ ಏಂಜಲಿಸ್ ಲೇಕರ್ಸ್‌ಗೆ ಶರಣಾಯಿತು. 2006ರ ನಂತರ ಬರ. ಒಂದಲ್ಲ, ಎರಡಲ್ಲ, ಸತತ 16 ಋತುಗಳಲ್ಲಿ ಪ್ಲೇಆಫ್ ಇಲ್ಲ. ಎನ್‌ಬಿಎ ಇತಿಹಾಸದಲ್ಲಿ ಅಷ್ಟು ದೀರ್ಘ ಬರವನ್ನು ಅದಕ್ಕೆ ಮುನ್ನ ಯಾವ ತಂಡವೂ ಕಂಡಿರಲಿಲ್ಲ.

ನಡುವೆ ತಂಡವನ್ನೇ ಕಳೆದುಕೊಳ್ಳುವ ಭೀತಿ ಬೇರೆ. 2011ರಲ್ಲಿ ಅನಹೈಮ್‌ಗೆ, 2013ರಲ್ಲಿ ಸಿಯಾಟಲ್‌ಗೆ ತಂಡವನ್ನು ಸಾಗಿಸುವ ಪ್ರಯತ್ನಗಳು ನಡೆದವು. ಆಗಿನ ಮೇಯರ್ ಕೆವಿನ್ ಜಾನ್ಸನ್ ಸ್ವತಃ ಮಾಜಿ ಎನ್‌ಬಿಎ ಆಟಗಾರ. ಅವರು ಸ್ಥಳೀಯವಾಗಿ ಖರೀದಿದಾರರನ್ನು ಕಲೆಹಾಕಿದರು. 2013ರ ಮೇ ತಿಂಗಳಲ್ಲಿ ಲೀಗ್‌ನ ಮಾಲೀಕರ ಮಂಡಳಿ 22-8 ಮತಗಳಿಂದ ಸ್ಥಳಾಂತರವನ್ನು ತಿರಸ್ಕರಿಸಿತು. ರಣದಿವೆ ನೇತೃತ್ವದ ಬಳಗ ತಂಡವನ್ನು ಕೊಂಡಿತು, 2016ರಲ್ಲಿ ನಗರದ ನಡುಮಧ್ಯೆ ಹೊಸ ಒಳಾಂಗಣ ತೆರೆಯಿತು. ಸಿಯಾಟಲ್‌ಗೂ ಅದರದೇ ಆದ ನೋವಿತ್ತು. ಅದರ ತಂಡ 2008ರಲ್ಲಿ ಒಕ್ಲಹೋಮಾ ಸಿಟಿಗೆ ಹೊರಟುಹೋಗಿತ್ತು. ಒಂದು ಊರಿನ ಗಾಯಕ್ಕೆ ಇನ್ನೊಂದು ಊರಿನ ಚರ್ಮ ತೆಗೆದು ಹಚ್ಚುವ ಯತ್ನವಾಗಿತ್ತು ಅದು. ತಂಡ ಉಳಿಯಿತು, ಆದರೆ ಗೆಲುವು ಬರಲು ಮತ್ತೆ ಹತ್ತು ವರ್ಷ ಬೇಕಾಯಿತು.

2022-23ರಲ್ಲಿ ಪ್ರತಿ ಜಯದ ನಂತರ ಒಳಾಂಗಣದ ಮೇಲಿನಿಂದ ನೇರಳೆ ಬಣ್ಣದ ಬೆಳಕಿನ ಕಂಬವೊಂದು ಆಗಸಕ್ಕೆ ಚಿಮ್ಮತೊಡಗಿತು. ‘ಲೈಟ್ ದ ಬೀಮ್’ ಎಂಬ ಕೂಗು ಊರಿನ ಮಂತ್ರವಾಯಿತು. 2023ರ ಮಾರ್ಚ್ 29ರಂದು ಪೋರ್ಟ್‌ಲೆಂಡ್‌ನಲ್ಲಿ 120-80ರಿಂದ ಗೆದ್ದು ಕಿಂಗ್ಸ್ ಪ್ಲೇಆಫ್ ಸ್ಥಾನ ಖಚಿತಪಡಿಸಿಕೊಂಡಾಗ ಭಾರತದಲ್ಲಿ ಮಾರ್ಚ್ 30ರ ಬೆಳಗು.

ಗಡಿಯಾರದ ಕಾಟ

ಭಾರತದಲ್ಲಿ ಕುಳಿತು ಈ ಲೀಗನ್ನು ಹಿಂಬಾಲಿಸುವವರಿಗೆ ಗಡಿಯಾರವೇ ಮೊದಲ ಎದುರಾಳಿ. ಇಂಡಿಯಾನಾಪೊಲಿಸ್‌ನಲ್ಲಿ ಸಂಜೆ ಏಳಕ್ಕೆ ಆರಂಭವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆಗೆ ಬರುತ್ತದೆ. ಸ್ಯಾಕ್ರಮೆಂಟೊದ ಸಂಜೆ ಏಳು ಎಂದರೆ ಇಲ್ಲಿ ಬೆಳಗಿನ ಎಂಟೂವರೆ. ಮಾರ್ಚ್‌ನ ಎರಡನೆಯ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ನಮ್ಮಲ್ಲಿ ಆ ಪದ್ಧತಿಯಿಲ್ಲ. ಹೀಗಾಗಿ ಪೈಪೋಟಿ ಬಿಸಿಯೇರುವ ಹೊತ್ತಿಗೇ ಪಂದ್ಯಗಳು ಒಂದು ಗಂಟೆ ಬೇಗ, ಅಂದರೆ ನಾಲ್ಕೂವರೆಗೆ ಮತ್ತು ಏಳೂವರೆಗೆ ಶುರುವಾಗುತ್ತವೆ. ಪೂರ್ವದ ತಂಡದ ಅಭಿಮಾನಿ ನಿದ್ದೆಗೆಡುತ್ತಾನೆ, ಪಶ್ಚಿಮದ ತಂಡದ ಅಭಿಮಾನಿ ಕಚೇರಿಗೆ ತಡವಾಗುತ್ತಾನೆ. ಎರಡನ್ನೂ ನೆಚ್ಚಿದವನಿಗೆ ಎರಡೂ ಶಿಕ್ಷೆ.

ಲೀಗ್ ಹಂತದ ಕೊನೆಯ ದಿನ ಮಾತ್ರ ಬೇರೆಯೇ ಬಗೆ. ಇತ್ತೀಚಿನ ವರ್ಷಗಳಲ್ಲಿ ಆ ಭಾನುವಾರ ಎಲ್ಲ 30 ತಂಡಗಳೂ ಆಡುತ್ತವೆ, ಒಂದೊಂದು ವಲಯದ ಪಂದ್ಯಗಳು ಏಕಕಾಲಕ್ಕೆ ಆರಂಭವಾಗುತ್ತವೆ. ಪಕ್ಕದ ಪಂದ್ಯದ ಫಲಿತಾಂಶ ನೋಡಿಕೊಂಡು ಯಾರೂ ತಮ್ಮ ಆಟ ತೀರ್ಮಾನಿಸಬಾರದೆಂಬುದು ಉದ್ದೇಶ. 2025ರಲ್ಲಿ ಪೂರ್ವದ ಪಂದ್ಯಗಳು ನಮ್ಮ ರಾತ್ರಿ ಹತ್ತೂವರೆಗೆ, ಪಶ್ಚಿಮದವು ನಡುರಾತ್ರಿ ಒಂದಕ್ಕೆ ಆರಂಭವಾಗಿದ್ದವು.

ಸೋಲಿನ ಕಲಂ ನೋಡಿ

ಅಂಕಪಟ್ಟಿಯನ್ನು ಓದುವುದೂ ಒಂದು ವಿದ್ಯೆ. ಕ್ರಿಕೆಟ್ ಲೀಗ್‌ಗಳಲ್ಲಿರುವಂತೆ ಇಲ್ಲಿ ಗೆಲುವಿಗೆ ಎರಡು ಅಂಕ ಎಂಬ ಲೆಕ್ಕವಿಲ್ಲ. ಗೆಲುವಿನ ಶೇಕಡಾವಾರು ಪ್ರಮಾಣವೇ ಸ್ಥಾನವನ್ನು ನಿರ್ಧರಿಸುತ್ತದೆ. ಪಟ್ಟಿಯಲ್ಲಿ ‘ಎಷ್ಟು ಪಂದ್ಯ ಹಿಂದೆ’ ಎಂಬ ಒಂದು ಅಂಕಣವಿರುತ್ತದೆ. ಎರಡು ತಂಡಗಳ ಗೆಲುವಿನ ವ್ಯತ್ಯಾಸ, ಸೋಲಿನ ವ್ಯತ್ಯಾಸ ಇವೆರಡನ್ನೂ ಕೂಡಿಸಿ ಅರ್ಧ ಮಾಡಿದರೆ ಅದು ಸಿಗುತ್ತದೆ. ಒಂದು ತಂಡ 40 ಗೆದ್ದು 30 ಸೋತಿದೆ, ಇನ್ನೊಂದು 38 ಗೆದ್ದು 30 ಸೋತಿದೆ ಎಂದಿಟ್ಟುಕೊಳ್ಳಿ. ಅಂತರ ಒಂದು ಪಂದ್ಯ. ಆದರೆ ಹಿಂದಿರುವ ತಂಡದ ಕೈಯಲ್ಲಿ ಎರಡು ಪಂದ್ಯ ಹೆಚ್ಚಿಗೆ ಉಳಿದಿವೆ. ಅವೆರಡನ್ನೂ ಗೆದ್ದರೆ ಸಮ. ಅನುಭವಿ ಅಭಿಮಾನಿಗಳು ಗೆಲುವಿನ ಕಲಂ ಬಿಟ್ಟು ಸೋಲಿನ ಕಲಂ ನೋಡುವುದು ಇದಕ್ಕೇ. ಆಡದ ಪಂದ್ಯವನ್ನು ಮುಂದೆ ಗೆಲ್ಲಬಹುದು, ಸೋತ ಪಂದ್ಯವನ್ನು ಮರಳಿ ಪಡೆಯಲಾಗದು.

ಇನ್ನೊಂದು ಉಪಯುಕ್ತ ಲೆಕ್ಕವನ್ನು ‘ಮ್ಯಾಜಿಕ್ ಸಂಖ್ಯೆ’ ಎನ್ನುತ್ತಾರೆ. 83ರಿಂದ ತನ್ನ ತಂಡದ ಗೆಲುವುಗಳನ್ನೂ ಬೆನ್ನಟ್ಟುತ್ತಿರುವ ತಂಡದ ಸೋಲುಗಳನ್ನೂ ಕಳೆಯಬೇಕು. ತನ್ನದು 45 ಗೆಲುವು, ಹಿಂದಿನವರದು 33 ಸೋಲು ಎಂದಾದರೆ ಉಳಿಯುವುದು ಐದು. ತಾನು ಗೆದ್ದಾಗಲೂ ಅವರು ಸೋತಾಗಲೂ ಅದು ಒಂದೊಂದಾಗಿ ಇಳಿಯುತ್ತದೆ. ಸೊನ್ನೆಯಾದ ದಿನ ಆ ತಂಡ ಇನ್ನು ತನ್ನನ್ನು ಹಿಂದಿಕ್ಕಲಾರದು. ತನ್ನ ತಂಡಕ್ಕೆ ವಿಶ್ರಾಂತಿ ಇದ್ದ ದಿನವೂ ಅಭಿಮಾನಿ ದೂರದ ಮೆಂಫಿಸ್‌ನದೋ ಹ್ಯೂಸ್ಟನ್‌ನದೋ ಪಂದ್ಯ ಹಚ್ಚಿಕೊಂಡು, ಸಂಬಂಧವೇ ಇಲ್ಲದ ತಂಡವೊಂದಕ್ಕೆ ಜೈಕಾರ ಹಾಕುವ ವಿಚಿತ್ರಕ್ಕೆ ಈ ಲೆಕ್ಕವೇ ಕಾರಣ.

ನವೆಂಬರ್‌ನ ಸಾಲ, ಏಪ್ರಿಲ್‌ನ ವಸೂಲಿ

ಸಮಬಲವಾದಾಗ ಏನು? ಕರ್ನಾಟಕದ ಓದುಗರಿಗೆ 2024ರ ಮೇ 18ರ ರಾತ್ರಿ ನೆನಪಿರಲೇಬೇಕು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ವಿರುದ್ಧ ಗೆದ್ದರಷ್ಟೇ ಸಾಲದು, ಕನಿಷ್ಠ 18 ರನ್‌ಗಳಿಂದ ಗೆಲ್ಲಬೇಕೆಂಬ ಸ್ಥಿತಿ ಬೆಂಗಳೂರು ತಂಡದ್ದು. 27 ರನ್‌ಗಳಿಂದ ಗೆದ್ದ ಆರ್‌ಸಿಬಿ ನೆಟ್ ರನ್‌ರೇಟ್ ಆಧಾರದಲ್ಲಿ ಪ್ಲೇಆಫ್ ಸೇರಿತು. ಎನ್‌ಬಿಎಯಲ್ಲಿ ಅಂತಹ ಅಂಕಗಳ ಅಂತರಕ್ಕೆ ಬೆಲೆ ಬರುವುದು ಬಹುತೇಕ ಎಲ್ಲ ನಿಯಮಗಳೂ ಸೋತ ಮೇಲೆ. ಎರಡು ತಂಡಗಳು ಸಮವಿದ್ದರೆ ಮೊದಲು ನೋಡುವುದು ಅವೆರಡರ ಪರಸ್ಪರ ಪಂದ್ಯಗಳಲ್ಲಿ ಯಾರದು ಮೇಲುಗೈ ಎಂದು. ಅದೂ ಸಮವಾದರೆ ವಿಭಾಗದಲ್ಲಿ ಅಗ್ರಸ್ಥಾನ, ಆಮೇಲೆ ವಿಭಾಗ ಮತ್ತು ವಲಯದೊಳಗಿನ ಸಾಧನೆ. ಮೂರು ತಂಡಗಳು ಸಮವಾದರೆ ಕ್ರಮ ಬದಲಾಗುತ್ತದೆ. ವಿಭಾಗ ಗೆದ್ದವರಿಗೆ ಮೊದಲ ಆದ್ಯತೆ.

ಈ ನಿಯಮದ ಹರಿತ ಎಷ್ಟೆಂಬುದನ್ನು ಇಂಡಿಯಾನಾ ಅಭಿಮಾನಿಗಳು 2024ರಲ್ಲಿ ಕಂಡರು. ಆ ವರ್ಷದ ಏಪ್ರಿಲ್ 14ರ ಕೊನೆಯ ದಿನ ಒರ್ಲಾಂಡೊ, ಇಂಡಿಯಾನಾ, ಫಿಲಡೆಲ್ಫಿಯಾ ಮೂರೂ ಗೆದ್ದವು. ಮೂರರದೂ 47 ಗೆಲುವು, 35 ಸೋಲು. ತನ್ನ ವಿಭಾಗ ಗೆದ್ದಿದ್ದ ಒರ್ಲಾಂಡೊಗೆ ಐದನೆಯ ಸ್ಥಾನ ಹೋಯಿತು. ಉಳಿದಿಬ್ಬರ ನಡುವೆ ಪರಸ್ಪರ ಮೂರು ಪಂದ್ಯಗಳು ನಡೆದಿದ್ದವು, ಇಂಡಿಯಾನಾ ಎರಡನ್ನು ಗೆದ್ದಿತ್ತು. ಅದರಲ್ಲಿ ಒಂದು 2023ರ ನವೆಂಬರ್ ಮಧ್ಯದ್ದು. ಋತು ಆರಂಭವಾಗಿ ಒಂದು ತಿಂಗಳೂ ಕಳೆಯದ, ಪ್ಲೇಆಫ್ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳದ ಹೊತ್ತು. ಆ ಒಂದು ಫಲಿತಾಂಶ ತಿರುವುಮುರುವಾಗಿದ್ದರೆ ಇಂಡಿಯಾನಾ ಆರನೆಯ ಸ್ಥಾನ ಕಳೆದುಕೊಂಡು, ಫಿಲಡೆಲ್ಫಿಯಾ ಅದನ್ನು ಹಿಂದಿಕ್ಕುತ್ತಿತ್ತು.

ಆರು ಮತ್ತು ಏಳರ ನಡುವೆ ಏನು ಮಹಾ ವ್ಯತ್ಯಾಸ ಎನ್ನಬಹುದು. ಆರನೆಯ ಇಂಡಿಯಾನಾ ನೇರವಾಗಿ ಪ್ಲೇಆಫ್ ಸೇರಿ, ಗಾಯಾಳು ಯಾನಿಸ್ ಆಂಟೆಟೊಕೂಂಪೊ ಇಲ್ಲದ ಮಿಲ್ವಾಕಿಯನ್ನು ಮಣಿಸಿ, ವಲಯದ ಫೈನಲ್‌ವರೆಗೆ ಸಾಗಿತು. ಏಳನೆಯ ಫಿಲಡೆಲ್ಫಿಯಾ ಮೊದಲು ಮಯಾಮಿಯೊಡನೆ ಒಂದೇ ಅಂಕದಿಂದ ಗೆದ್ದು ಬದುಕುಳಿದು, ಆಮೇಲೆ ನ್ಯೂಯಾರ್ಕ್‌ಗೆ ಸೋತು ಹೊರಬಿತ್ತು.

ಸ್ಯಾಕ್ರಮೆಂಟೊದ ಲೆಕ್ಕ ಇನ್ನೂ ಕಹಿ. ಅದೇ ಋತುವಿನಲ್ಲಿ ಅದು ನ್ಯೂ ಆರ್ಲಿಯನ್ಸ್ ವಿರುದ್ಧ ಐದು ಸಲ ಆಡಿ ಐದೂ ಸಲ ಸೋತಿತ್ತು. ನ್ಯೂ ಆರ್ಲಿಯನ್ಸ್ 49 ಗೆಲುವಿನೊಂದಿಗೆ ಏಳನೆಯದಾಯಿತು. ಆ ಐದರಲ್ಲಿ ಎರಡನ್ನು ಕಿಂಗ್ಸ್ ಗೆದ್ದಿದ್ದರೆ ತಾನು 48ಕ್ಕೆ ಏರುತ್ತಿತ್ತು, ಅವರು 47ಕ್ಕೆ ಇಳಿಯುತ್ತಿದ್ದರು. ಒಂಬತ್ತನೆಯ ತಂಡ ಏಳನೆಯದಾಗುತ್ತಿತ್ತು. ನೇರ ಎದುರಾಳಿಯೊಡನೆ ಸೋತ ಪಂದ್ಯ ಒಂದಲ್ಲ, ಎರಡು ಪಂದ್ಯದಷ್ಟು ತೂಗುತ್ತದೆ.

ಹಿಂಬಾಗಿಲೋ, ಎರಡನೆಯ ಅವಕಾಶವೋ

ಮೇಲಿನ ಮಾತು ಪೂರ್ತಿ ತಿಳಿಯಬೇಕಾದರೆ ‘ಪ್ಲೇ-ಇನ್’ ಎಂಬ ಕಿರು ಸುತ್ತನ್ನು ಅರಿಯಬೇಕು. ಹಿಂದೆ ಪ್ರತಿ ವಲಯದ ಅಗ್ರ ಎಂಟು ತಂಡಗಳು ನೇರವಾಗಿ ಪ್ಲೇಆಫ್ ಸೇರುತ್ತಿದ್ದವು. 2018ರ ಏಪ್ರಿಲ್ 11ರಂದು ಮಿನೆಸೋಟ ಮತ್ತು ಡೆನ್ವರ್ ಇಬ್ಬರೂ 46 ಗೆಲುವು, 35 ಸೋಲಿನೊಂದಿಗೆ ಕೊನೆಯ ಲೀಗ್ ಪಂದ್ಯಕ್ಕೆ ಇಳಿದರು. ಗೆದ್ದವರಿಗೆ ಎಂಟನೆಯ ಸ್ಥಾನ, ಸೋತವರಿಗೆ ಏನೂ ಇಲ್ಲ. ಹೆಚ್ಚುವರಿ ಅವಧಿಯಲ್ಲಿ 112-106ರಿಂದ ಮಿನೆಸೋಟ ಗೆದ್ದು, 2004ರ ಬಳಿಕ ಮೊದಲ ಬಾರಿ ಪ್ಲೇಆಫ್ ಕಂಡಿತು. ವೇಳಾಪಟ್ಟಿಯ ಆಕಸ್ಮಿಕದಿಂದ ಹುಟ್ಟಿದ ಅಂತಹ ರೋಚಕತೆಯನ್ನು ಲೀಗ್ ಈಗ ನಿಯಮವನ್ನಾಗಿಯೇ ಮಾಡಿಕೊಂಡಿದೆ.

2020-21ನೇ ಋತುವಿನಿಂದ ಚಾಲ್ತಿಗೆ ಬಂದ ಕ್ರಮ ಹೀಗಿದೆ: ಅಗ್ರ ಆರು ತಂಡಗಳಿಗೆ ನೇರ ಪ್ರವೇಶ. ಏಳು ಮತ್ತು ಎಂಟನೆಯ ತಂಡಗಳು ಒಂದು ಪಂದ್ಯ ಆಡುತ್ತವೆ, ಗೆದ್ದವರು ಏಳನೆಯವರಾಗಿ ಒಳಗೆ. ಒಂಬತ್ತು ಮತ್ತು ಹತ್ತನೆಯ ತಂಡಗಳು ಇನ್ನೊಂದು ಪಂದ್ಯ ಆಡುತ್ತವೆ, ಸೋತವರು ಮನೆಗೆ. ಮೊದಲ ಪಂದ್ಯದಲ್ಲಿ ಸೋತವರೂ ಎರಡನೆಯದರಲ್ಲಿ ಗೆದ್ದವರೂ ಕೊನೆಗೆ ಎದುರಾಗಿ, ಗೆದ್ದವರು ಎಂಟನೆಯ ಸ್ಥಾನ ಪಡೆಯುತ್ತಾರೆ. ಏಳು, ಎಂಟನೆಯವರಿಗೆ ಎರಡು ಅವಕಾಶದಲ್ಲಿ ಒಂದು ಗೆಲುವು ಸಾಕು. ಒಂಬತ್ತು, ಹತ್ತನೆಯವರು ಎರಡೂ ಗೆಲ್ಲಲೇಬೇಕು.

ಒಂಬತ್ತನೆಯ ಸ್ಥಾನದ ಕಿಂಗ್ಸ್ 2024ರ ಏಪ್ರಿಲ್ 16ರಂದು ಗೋಲ್ಡನ್ ಸ್ಟೇಟನ್ನು 118-94ರಿಂದ ಬಗ್ಗುಬಡಿಯಿತು. ಹಿಂದಿನ ವರ್ಷ ಇದೇ ಗೋಲ್ಡನ್ ಸ್ಟೇಟ್ ಮೊದಲ ಸುತ್ತಿನ ಏಳನೆಯ ಪಂದ್ಯದಲ್ಲಿ, ಸ್ಟೆಫನ್ ಕರಿ ಅವರ 50 ಅಂಕಗಳ ಬಲದಿಂದ ಸ್ಯಾಕ್ರಮೆಂಟೊದಲ್ಲೇ ಅವರನ್ನು ಕೆಡವಿತ್ತು. ಸೇಡು ತೀರಿತು. ಆದರೆ ಮುಂದೆ ಎದುರಾದದ್ದು ಮತ್ತದೇ ನ್ಯೂ ಆರ್ಲಿಯನ್ಸ್. 105-98. ಆರನೆಯ ಸಲವೂ ಸೋಲು.

ಈ ಸುತ್ತು ಬಂದ ಮೇಲೆ ಮಾರ್ಚ್ ತಿಂಗಳ ಹತ್ತಾರು ನೀರಸ ಪಂದ್ಯಗಳಿಗೆ ಜೀವ ಬಂದಿದೆ ಎಂಬುದು ನಿಜ. ಮಯಾಮಿ 2023ರಲ್ಲಿ ಪ್ಲೇ-ಇನ್‌ನ ಮೊದಲ ಪಂದ್ಯ ಸೋತು, ಎರಡನೆಯದನ್ನು ಗೆದ್ದು ಎಂಟನೆಯ ತಂಡವಾಗಿ ನುಸುಳಿ, ಲೀಗ್‌ನಲ್ಲೇ ಅತ್ಯುತ್ತಮ ಸಾಧನೆಯ ಮಿಲ್ವಾಕಿಯನ್ನು 4-1ರಿಂದ ಉರುಳಿಸಿ ಫೈನಲ್‌ವರೆಗೆ ಹೋಯಿತು. 2025ರಲ್ಲಿ ಅದೇ ತಂಡ ಹತ್ತನೆಯ ಸ್ಥಾನದಿಂದ ಪ್ಲೇಆಫ್ ತಲುಪಿದ ಮೊದಲ ತಂಡವೆನಿಸಿ, ಕ್ಲೀವ್‌ಲೆಂಡ್‌ನಿಂದ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತು ಮರಳಿತು. ಮೊದಲನೆಯದು ಅಪವಾದ, ಎರಡನೆಯದೇ ವಾಡಿಕೆ. 82 ಪಂದ್ಯಗಳ ಶ್ರಮವನ್ನು ಒಂದು ಸಂಜೆಯ ಆಟ ಅಳಿಸಿಹಾಕುವುದು ಎಷ್ಟು ಸರಿ ಎಂಬ ಪ್ರಶ್ನೆಯೂ ಉಳಿದೇ ಇದೆ.

ಸೋಲಲು ಬಯಸುವ ಎದುರಾಳಿ

ಕೊನೆಯ ವಾರಗಳಲ್ಲಿ ಎದುರಾಳಿಯ ಬಲಕ್ಕಿಂತ ಅವರ ಉದ್ದೇಶವನ್ನು ಅಳೆಯುವುದು ಮುಖ್ಯ. ಸ್ಥಾನ ಖಚಿತವಾದ ತಂಡ ತಾರೆಯರಿಗೆ ವಿಶ್ರಾಂತಿ ಕೊಡುತ್ತದೆ. ತಳದಲ್ಲಿರುವ ತಂಡಕ್ಕೆ ಸೋಲೇ ಲಾಭ. ಪ್ಲೇಆಫ್ ತಪ್ಪಿದ 14 ತಂಡಗಳಿಗೆ ಹೊಸ ಆಟಗಾರರ ಆಯ್ಕೆಯ ಸರದಿಯನ್ನು ಲಾಟರಿ ಮೂಲಕ ನಿರ್ಧರಿಸುವ ಪದ್ಧತಿ 1985ರಲ್ಲಿ ಬಂತು. 2019ರಲ್ಲಿ ಜಾರಿಯಾದ ಬದಲಾವಣೆಯಂತೆ ಅತ್ಯಂತ ಕೆಳಗಿನ ಮೂರು ತಂಡಗಳಿಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ತಲಾ ಶೇ 14. ಬೇಕೆಂದೇ ಸೋಲುವ ಚಟವನ್ನು ಇದು ತಗ್ಗಿಸುವುದೆಂಬ ನಿರೀಕ್ಷೆಯಿತ್ತು.

2023ರ ಏಪ್ರಿಲ್ 7ರಂದು ಡಲ್ಲಾಸ್ ತಂಡ ಏನು ಮಾಡಿತೆಂಬುದು ದಾಖಲಾಗಿದೆ. ಪ್ಲೇ-ಇನ್ ತಲುಪುವ ಅವಕಾಶ ಇನ್ನೂ ಜೀವಂತವಿದ್ದಾಗಲೇ ಷಿಕಾಗೊ ವಿರುದ್ಧ ಪ್ರಮುಖ ಆಟಗಾರರನ್ನು ಹೊರಗಿರಿಸಿತು, ಸೋತಿತು. ಆ ವರ್ಷದ ಅವರ ಆಯ್ಕೆಯ ಸರದಿ ಮೊದಲ ಹತ್ತರೊಳಗೆ ಬಿದ್ದರೆ ಮಾತ್ರ ಅವರದು, ಇಲ್ಲವಾದರೆ ನ್ಯೂಯಾರ್ಕ್‌ಗೆ ಕೊಡಬೇಕಾಗಿತ್ತು. ಲೀಗ್ 7.5 ಲಕ್ಷ ಡಾಲರ್ ದಂಡ ವಿಧಿಸಿತು. ಡಲ್ಲಾಸ್‌ಗೆ ಹತ್ತನೆಯ ಸರದಿ ಉಳಿಯಿತು, ಅದರ ವಿನಿಮಯದಿಂದ ಬಂದ ಯುವ ಆಟಗಾರ ಡೆರಿಕ್ ಲೈವ್ಲಿ ಮರುವರ್ಷವೇ ತಂಡದೊಂದಿಗೆ ಫೈನಲ್ ಆಡಿದರು. ದಂಡ ಕಟ್ಟಿಯೂ ವ್ಯಾಪಾರ ಲಾಭದ್ದೇ ಆಯಿತು. ಅಂದು ಟಿಕೆಟ್ ಕೊಂಡು ಒಳಾಂಗಣದಲ್ಲಿ ಕುಳಿತಿದ್ದ ಡಲ್ಲಾಸ್ ಅಭಿಮಾನಿಯ ನಷ್ಟವನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ.

ಅದಲು ಬದಲು

ಮುಂಬಯಿಯ ಆ ಎರಡು ತಂಡಗಳ ಕಥೆಗೆ ಇನ್ನೊಂದು ಎಳೆಯಿದೆ. 2019ರಲ್ಲಿ ಇಂಡಿಯಾನಾ ತಂಡದಲ್ಲಿದ್ದ ಲಿಥುವೇನಿಯಾದ ಡೊಮಾಂಟಸ್ ಸಬೋನಿಸ್ ಅವರನ್ನು 2022ರ ಫೆಬ್ರುವರಿಯಲ್ಲಿ ಸ್ಯಾಕ್ರಮೆಂಟೊ ಪಡೆಯಿತು. ಬದಲಿಗೆ ಕೊಟ್ಟವರಲ್ಲಿ ಪ್ರಮುಖರು ಯುವ ಆಟಗಾರ ಟೈರೀಸ್ ಹ್ಯಾಲಿಬರ್ಟನ್. ಎರಡೂ ತಂಡಗಳ ಅಭಿಮಾನಿಗೆ ಇದು ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹಾಕಿದ ಹಣದಂತೆ. ಸಬೋನಿಸ್ ಬಂದ ಮರುವರ್ಷವೇ ಸ್ಯಾಕ್ರಮೆಂಟೊದ 16 ವರ್ಷಗಳ ಬರ ನೀಗಿತು. ಅಂದು ವ್ಯಾಪಾರ ಸರಿಯೆನಿಸಿತ್ತು.

ಆಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 2024ರ ಡಿಸೆಂಬರ್‌ನಲ್ಲಿ ಕಿಂಗ್ಸ್ ತನ್ನ ತರಬೇತುದಾರ ಮೈಕ್ ಬ್ರೌನ್ ಅವರನ್ನು ಕೈಬಿಟ್ಟಿತು. ಎರಡು ತಿಂಗಳೊಳಗೆ ತಂಡದ ಮುಖವಾಗಿದ್ದ ಡಿ’ಆರನ್ ಫಾಕ್ಸ್ ಸ್ಯಾನ್ ಆಂಟೋನಿಯೊ ಸೇರಿದರು. 40 ಗೆಲುವಿನೊಂದಿಗೆ ಒಂಬತ್ತನೆಯದಾದ ತಂಡ 2025ರ ಏಪ್ರಿಲ್ 16ರಂದು ತವರಿನ ಪ್ಲೇ-ಇನ್ ಪಂದ್ಯದಲ್ಲಿ ಹತ್ತನೆಯ ಸ್ಥಾನದ ಡಲ್ಲಾಸ್‌ಗೆ ಸೋತಿತು. ಆ ವರ್ಷದ ಅದರ ಮೊದಲ ಸುತ್ತಿನ ಆಯ್ಕೆಯ ಸರದಿಯೂ ಹಳೆಯ ಒಪ್ಪಂದದಂತೆ ಅಟ್ಲಾಂಟಾ ಪಾಲಾಯಿತು. ಮುಂದಿನ ಪಂದ್ಯದಲ್ಲಿ ತಾನೂ ಸೋತ ಡಲ್ಲಾಸ್‌ಗೆ ಕೇವಲ ಶೇ 1.8 ಸಾಧ್ಯತೆಯ ಲಾಟರಿಯಲ್ಲಿ ಮೊದಲ ಆಯ್ಕೆ ಒಲಿದು ಬಂತು. ಪಂದ್ಯವೂ ಹೋಯಿತು, ಪಾಲೂ ಹೋಯಿತು ಎಂದು ಸ್ಯಾಕ್ರಮೆಂಟೊದವರು ಕೊರಗಿದ್ದರೆ ತಪ್ಪೇನಿಲ್ಲ.

ಎರಡನೆಯ ತಂಡವಿದ್ದವನಿಗೆ ಮಾತ್ರ ಆ ವರ್ಷ ಅಲ್ಲಿಗೆ ಮುಗಿಯಲಿಲ್ಲ. 50 ಗೆಲುವಿನೊಂದಿಗೆ ಪೂರ್ವದಲ್ಲಿ ನಾಲ್ಕನೆಯದಾಗಿದ್ದ ಇಂಡಿಯಾನಾ, ಹ್ಯಾಲಿಬರ್ಟನ್ ನೇತೃತ್ವದಲ್ಲಿ ಮಿಲ್ವಾಕಿಯನ್ನು, 64 ಪಂದ್ಯ ಗೆದ್ದಿದ್ದ ಕ್ಲೀವ್‌ಲೆಂಡನ್ನು, ನ್ಯೂಯಾರ್ಕನ್ನು ಸೋಲಿಸಿ ಫೈನಲ್ ತಲುಪಿತು. ಎದುರಾಳಿ ಒಕ್ಲಹೋಮಾ ಸಿಟಿ, ಹಿಂದೊಮ್ಮೆ ಸಿಯಾಟಲ್ ಕಳೆದುಕೊಂಡಿದ್ದ ಅದೇ ತಂಡ. ಮೊದಲ ಪಂದ್ಯವನ್ನು ಹ್ಯಾಲಿಬರ್ಟನ್ 0.3 ಸೆಕೆಂಡು ಉಳಿದಿರುವಾಗ ಹಾಕಿದ ಬುಟ್ಟಿಯಿಂದ ಇಂಡಿಯಾನಾ ಗೆದ್ದಿತು. ಸರಣಿ ಏಳನೆಯ ಪಂದ್ಯದವರೆಗೆ ಬೆಳೆಯಿತು. ಜೂನ್ 23ರ ಸೋಮವಾರ, ನಮ್ಮ ಬೆಳಗಿನ ಐದೂವರೆಗೆ ಅದು ಆರಂಭವಾಯಿತು. ಮೊದಲ ಕ್ವಾರ್ಟರ್ ಮುಗಿಯುವ ಮುನ್ನವೇ ಹ್ಯಾಲಿಬರ್ಟನ್ ಬಲಗಾಲಿನ ಅಕಿಲಿಸ್ ಸ್ನಾಯುರಜ್ಜು ಹರಿದು ನೆಲಕ್ಕೆ ಕುಸಿದರು. ಒಕ್ಲಹೋಮಾ ಸಿಟಿ 103-91ರಿಂದ ಗೆದ್ದು ಪ್ರಶಸ್ತಿ ಎತ್ತಿತು. ಹ್ಯಾಲಿಬರ್ಟನ್ 2025-26ನೇ ಋತುವಿನಲ್ಲಿ ಆಡುವುದಿಲ್ಲವೆಂದು ಇಂಡಿಯಾನಾ ತಂಡ ಎರಡು ವಾರಗಳ ಬಳಿಕ ಪ್ರಕಟಿಸಿತು.